ವಿಮಾನದ ಗಾಲಿಗಳೂ ನಮ್ಮ ಯುವಕರ ಕೈಗಳೂ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಕಾವೇರೀತೀರದ ಸಣ್ಣ ಊರಾದರೂ ವಿದ್ವಾನ್ ಆರ್. ಕೆ. ಶ್ರೀಕಂಠನ್‌ರವರಂತಹ ಗಾಯಕರ ಜನ್ಮಭೂಮಿಯೆಂಬುದನ್ನು ನಾಡೆಲ್ಲ ಬಲ್ಲುದು. ತಂಬೂರಿಯ ಕುದುರೆಯ ಮೇಲೆ ಜೀವಾಳದ ನೂಲು ಎಳ್ಳಿನಷ್ಟು ಸರಿದರೂ ನಾದವು ಕೆಡುವುದೆಂಬುದನ್ನು ಆ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಎಚ್ಚರಿಕೆಯು ವಿಮಾನದ ಗಾಲಿ ಕೂಡಿಸುವವನಿಗೂ ಬೇಕು.

ನೋಡುವವರ ಕಣ್ಣು ರೆಕ್ಕೆಯ ಮೇಲಿದ್ದರೂ ಪ್ರತಿ ಇಳಿತದಲ್ಲಿ ಆಘಾತವನ್ನು ತಾಳಬೇಕಾದುದು ಗಾಲಿಯ ಕಾಲುಗಳೇ. ಒಡಲಿನ ನಡುಗೆರೆಗೆ ದಾರವೆಳೆದು, ಎರಡು ಗಾಲಿಗಳ ಮುಂದಣ ಹಿಂದಣ ಅಂತರಗಳನ್ನು ಅಳೆದು, ಓರೆ ಕಂಡಲ್ಲಿ ಅಚ್ಚಿನ ಬುಡಕ್ಕೆ ತೆಳುತಗಡನ್ನಿಟ್ಟು ಸರಿಪಡಿಸಬೇಕು. ಬೋಲ್ಟನ್ನು ಗೊತ್ತಾದ ಬಿಗಿತಕ್ಕೆ ತಿರುಗಿಸಿ, ನಟ್ಟು ಸಡಿಲವಾಗದಂತೆ ಸ್ಪ್ಲಿಟ್ ಪಿನ್ನು ಹಾಕಬೇಕು. ಇದರಲ್ಲಿ ಉದಾಸೀನ ಮಾಡಿದವನ ವಿಮಾನವು ನೆಲದ ಮೇಲೆಯೇ ಅಡ್ಡತಿರುಗೀತು.

ಈ ವಿದ್ಯೆಯು ಕನ್ನಡನಾಡಿಗೆ ಹೊಸದಲ್ಲ. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಮೆರಿಕದ ಬರ್ಟ್ ರೂಟಾನ್‌ರವರು ಮನೆಯಲ್ಲಿ ಕಟ್ಟುವವರಿಗಾಗಿ ರಚಿಸಿದ ಲಾಂಗ್-ಈಜಿ ವಿಮಾನದ ಮಾದರಿಯನ್ನು ಆಧರಿಸಿ ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯು ನಿರ್ಮಿಸಿದ ಹಗುರ ವಿಮಾನವು 1987ರಲ್ಲಿ ಹಾರಿತು. ಆ ಮಾದರಿಯ ಹಿಂಗಾಲುಗಳು ಗಾಜಿನ ನಾರಿನಿಂದಾದ ಒಂದೇ ಬಿಲ್ಲು. ಮುಂಗಾಲು ಕೈಯಿಂದ ತಿರುಗಿಸಿದರೆ ಒಳಮಡಚುವಂತಹುದು. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ವಿಮಾನದ ಬಿಡಿಭಾಗಗಳನ್ನು ಬ್ರಿಟನ್ನಿನ ಹವ್ಯಾಸಿಗಳು ತಾವೇ ಜೋಡಿಸಿ ಹಾರಿಸಿದ್ದಾರೆ.

ನಮ್ಮ ನೆಲದಲ್ಲಿ ತಯಾರಾದುದನ್ನು ಕೂಡಿಸಿ ಹಾರುವ ಸಂತೋಷವು ಪರದೇಶದವರಿಗೆ ಸುಲಭ, ನಮ್ಮವರಿಗೆ ದುರ್ಲಭ! ಮುಂಬಯಿಯ ಮನೆಯ ಮಾಳಿಗೆಯ ಮೇಲೆ ವಿಮಾನ ಕಟ್ಟಿದ ಅಮೋಲ್ ಯಾದವರಿಗೆ ಬಹುವರ್ಷಗಳ ಕಾಯುವಿಕೆಯ ನಂತರ 2017ರಲ್ಲಿ ನೋಂದಣಿಯೂ 2019ರಲ್ಲಿ ಹಾರಾಟದ ಅನುಮತಿಯೂ ದೊರೆತವು. ಅಷ್ಟು ತಾಳ್ಮೆ ಎಷ್ಟು ಮಂದಿಗಿದ್ದೀತು?

ಜನರ ಪ್ರಾಣರಕ್ಷಣೆಯ ಹೊಣೆ ತಮ್ಮದೆಂದು ಅಧಿಕಾರಿಗಳು ಹೇಳುವುದು ನ್ಯಾಯವೇ. ಸಡಿಲವಾದ ಒಂದು ಬೋಲ್ಟು ಪ್ರಾಣಹಾನಿಗೆ ಸಾಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಬೋಲ್ಟನ್ನು ಬಿಗಿ ಮಾಡುವುದು ಪರೀಕ್ಷಕನ ಕಣ್ಣೇ ಹೊರತು ಮೇಜಿನ ಮೇಲೆ ಮಲಗಿದ ಅರ್ಜಿಯಲ್ಲ. ಬ್ರಿಟನ್ನಿನಲ್ಲಿ ಹವ್ಯಾಸಿಯ ಕೆಲಸವನ್ನು ಹಂತಹಂತವಾಗಿ ಪರೀಕ್ಷಿಸುವ ಪದ್ಧತಿಯಿದೆ. ತಪ್ಪು ಮುಚ್ಚಿಹೋಗುವ ಮೊದಲೇ ತಿದ್ದಲ್ಪಡುವುದು.

ಆದುದರಿಂದ ವಿಮಾನಯಾನ ಇಲಾಖೆಯವರು ಪರೀಕ್ಷಕರನ್ನು ಪ್ರಾಂತ ಪ್ರಾಂತಕ್ಕೂ ಗೊತ್ತುಮಾಡಿ, ಅರ್ಜಿಗಳ ಇತ್ಯರ್ಥಕ್ಕೆ ಅವಧಿಯನ್ನು ವಿಧಿಸಲಿ. 1960ರಲ್ಲಿ ಸ್ಥಾಪಿತವಾದ ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಂತಹ ಸಂಸ್ಥೆಗಳಲ್ಲಿ ಒಂದೊಂದು ವಿಮಾನವನ್ನು ವಿದ್ಯಾರ್ಥಿಗಳೇ ಕಟ್ಟುವಂತೆ ಸರಕಾರವು ಧನಸಹಾಯ ಮಾಡಲಿ. ಅದು ಹಾರದೆ ಶೆಡ್ಡಿನಲ್ಲೇ ನಿಂತರೂ ನಷ್ಟವಿಲ್ಲ. ಅದರ ಗಾಲಿಯನ್ನು ಸರಿಯಾಗಿ ಕೂಡಿಸಬಲ್ಲ ಕೈಗಳು ನಾಡಿಗೆ ಉಳಿಯುವುವು.