ಮಂಕಾಗಿದ್ದು ಅಪ್ಪನ ಕಣ್ಣಲ್ಲ

ಅಪ್ಪನಿಗೆ ಬೆಂಗಳೂರಲ್ಲಿ ಕಣ್ಣಿನ ಪೊರೆ ಆಪರೇಷನ್ ಮಾಡಿಸಿ, ಮೂರನೇ ದಿನ ಸಂಜೆ ತಿಪಟೂರಿಗೆ ವಾಪಸ್ ಕರ್ಕೊಂಡು ಹೊರಟಿದ್ದೆ. ಆಫೀಸಿನ ಕಾಲ್ ಮುಗಿಸಿ ಹೊರಡೋ ಹೊತ್ತಿಗೆ ಆರೂವರೆ. ನೆಲಮಂಗಲ ದಾಟ್ತಿದ್ದ ಹಾಗೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿಕೊಂಡಿತು. ನಾನು ತಲೆ ಕೆಡಿಸ್ಕೊಳ್ಳಲಿಲ್ಲ. ಹೊಸ ಬ್ಯಾಟರಿ ಹಾಕ್ಸಿ ಐದೇ ವಾರ ಆಗಿತ್ತು, ಅದೂ 5,200 ರೂಪಾಯಿ ಕೊಟ್ಟು. ಹೊಸದಕ್ಕೇನು ರೋಗ, ಸೆನ್ಸರ್ ಏನೋ ತಪ್ಪು ತೋರಿಸ್ತಿದೆ ಅಂದ್ಕೊಂಡು ಹಾಡಿನ ಸೌಂಡ್ ಜಾಸ್ತಿ ಮಾಡಿದೆ.

ಗುಬ್ಬಿ ದಾಟಿದ ಮೇಲೆ ಅಪ್ಪ ಸುಮ್ಮನಾದರು. ಕಪ್ಪು ಕನ್ನಡಕ ತೆಗೆದರು, ಹಾಕ್ಕೊಂಡರು, ಮತ್ತೆ ತೆಗೆದರು. ಆಮೇಲೆ ಮೆಲ್ಲಗೆ, "ಬೆಳಿಗ್ಗೆ ಚೆನ್ನಾಗೇ ಕಾಣ್ತಿತ್ತು ಕಣೋ. ಈಗ ರಸ್ತೆಯೆಲ್ಲ ಮಬ್ಬು. ಆಪರೇಷನ್ ಕೆಟ್ಟು ಹೋಯ್ತಾ ಅಂತ?" ಅಂದರು. ಕೈ ಕಣ್ಣಿನ ಹತ್ತಿರ ಹೋಗ್ತಿತ್ತು. "ಉಜ್ಬೇಡಪ್ಪ" ಅಂತ ಕೂಗಿದೆ. ಮುಂದೆ ನೋಡಿದರೆ ನನಗೂ ರಸ್ತೆ ಮಬ್ಬೇ. ಹೆಡ್‌ಲೈಟು ಹಳದಿಯಾಗಿ, ಸೀಮೆಎಣ್ಣೆ ಬುಡ್ಡಿ ಥರ ಆಗಿತ್ತು. ಹಾಡು ತಾನಾಗೇ ನಿಂತಿತು, ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಯ್ತು. ನಿಟ್ಟೂರು ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆ ಪಕ್ಕಕ್ಕೆ ಎಳೆದು ತಂದದ್ದಷ್ಟೇ, ಗಾಡಿ ಆಫ್. ಹಿಂದೆ ಲಾರಿಗಳು ಬರ್ತಿದ್ದವು. ಹಜಾರ್ಡ್ ಲೈಟ್ ಹಾಕೋಕೂ ಕರೆಂಟ್ ಇರಲಿಲ್ಲ. ಫೋನಿನ ಟಾರ್ಚ್ ಹಿಡ್ಕೊಂಡು ಗಾಡಿ ಹಿಂದೆ ನಿಂತೆ.

ಟೀ ಅಂಗಡಿಯವರೊಬ್ಬರು ಫೋನ್ ಮಾಡಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ನನ್ನ ಕರೆಸಿದರು. ಆತ ಬೈಕಿನ ಮೇಲೆ ಒಂದು ಬ್ಯಾಟರಿ ಕಟ್ಕೊಂಡು ಬಂದ. ಮೀಟರ್ ಇಟ್ಟ, 9.8 ವೋಲ್ಟ್. ತಾನು ತಂದ ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿಸಿದ, ಎಂಜಿನ್ ಓಡ್ತಿರೋವಾಗಲೇ ಮತ್ತೆ ಮೀಟರ್ ಇಟ್ಟ. 12.1, ಅದೂ ಇಳೀತಾ ಇತ್ತು. "ಬ್ಯಾಟ್ರಿದೇನೂ ತಪ್ಪಿಲ್ಲ ಸಾರ್. ಡೈನಮೋ ಅದಕ್ಕೆ ಊಟ ಹಾಕ್ತಿಲ್ಲ."

ಡೈನಮೋ ಅಂದರೆ ಪುಸ್ತಕದ ಭಾಷೆಯಲ್ಲಿ ಆಲ್ಟರ್ನೇಟರ್. ಎಂಜಿನ್ನಿನ ಬೆಲ್ಟ್ ಅದನ್ನ ತಿರುಗಿಸುತ್ತೆ, ಅದು ಕರೆಂಟ್ ಹುಟ್ಟಿಸುತ್ತೆ. ಗಾಡಿ ಓಡುವಾಗ ಹೆಡ್‌ಲೈಟು, ಪಂಪು, ಎ.ಸಿ. ಫ್ಯಾನು ಎಲ್ಲಾ ನಡೆಯೋದು ಅದರ ಮೇಲೇ, ಮಿಕ್ಕಿದ್ದು ಬ್ಯಾಟರಿಗೆ. ಬ್ಯಾಟರಿಯ ಮುಖ್ಯ ಕೆಲಸ ಸ್ಟಾರ್ಟ್ ಮಾಡೋ ಆ ಎರಡು ಸೆಕೆಂಡು. ನೆಲಮಂಗಲದಿಂದ ಅಷ್ಟು ದೂರ ನನ್ನ ಪಾಪದ ಹೊಸ ಬ್ಯಾಟರಿ ಒಂಟಿಯಾಗಿ ಇಡೀ ಗಾಡಿ ಹೊತ್ತಿತ್ತು. ಆ ಕೆಂಪು ದೀಪದ ಮೇಲೆ ಬ್ಯಾಟರಿ ಚಿತ್ರ ಇದೆ ನಿಜ, ಆದರೆ ಎಂಜಿನ್ ಓಡುವಾಗ ಅದು ಹತ್ತಿದರೆ ಹೇಳ್ತಿರೋದು ಸಾಮಾನ್ಯವಾಗಿ "ಚಾರ್ಜ್ ಆಗ್ತಿಲ್ಲ" ಅಂತ. ಆ ಚಿತ್ರ ಬರೆದವರ ಮೇಲೆ ನನಗಿನ್ನೂ ಸಿಟ್ಟಿದೆ.

ಮಾರನೇ ದಿನ ಡೈನಮೋ ಬಿಚ್ಚಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದು ಉಗುರಿನಷ್ಟಾಗಿತ್ತು. ಕೂಲಿ ಸೇರಿ 650 ರೂಪಾಯಿ. ಬ್ಯಾಟರಿಯನ್ನ ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ, ಅದು ಚೆನ್ನಾಗೇ ಇತ್ತು. ಹಾಗಾದರೆ ಐದು ವಾರದ ಹಿಂದೆ ತೆಗೆದುಕೊಟ್ಟ ಹಳೇ ಬ್ಯಾಟರಿ? ಆ ದಿನ ಬೆಳಿಗ್ಗೆ ಸೆಲ್ಫ್ ಎಳೀತಿರಲಿಲ್ಲ, ಆ್ಯಪಲ್ಲಿ ಬುಕ್ ಮಾಡಿದೆ, ಹುಡುಗ ಬಂದ, "ಮೂರೂವರೆ ವರ್ಷ ಆಗಿದೆ ಸಾರ್, ವೀಕ್" ಅಂದ, ಬದಲಾಯಿಸಿದ. ಎಂಜಿನ್ ಓಡಿಸಿ ಮೀಟರ್ ಇಡಲಿಲ್ಲ. ನಾನೂ ಕೇಳಲಿಲ್ಲ. ಅದು ಬರೀ ಹಸಿದಿತ್ತೋ, ನಿಜಕ್ಕೂ ಸತ್ತಿತ್ತೋ, ಈಗ ದೇವರಿಗೇ ಗೊತ್ತು.

ಆಮೇಲೆ ಎಸ್.ಪಿ. ರೋಡಿಗೆ ಹೋಗಿ 400 ರೂಪಾಯಿಗೆ ಒಂದು ಡಿಜಿಟಲ್ ಮಲ್ಟಿಮೀಟರ್ ತಂದೆ. ನಾಬನ್ನ ಡಿ.ಸಿ. 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ. ಅಷ್ಟೇ ಕೆಲಸ, ಶಾಕ್ ಹೊಡೆಯಲ್ಲ. ಆದರೆ ಎರಡೂ ಟರ್ಮಿನಲ್ಲಿಗೆ ಒಟ್ಟಿಗೆ ಸ್ಪ್ಯಾನರ್ ತಾಗಿಸಬೇಡಿ, ಉಂಗುರ ಇದ್ದರೆ ತೆಗೆದಿಡಿ.

ಮೊದಲು ರಾತ್ರಿಯೆಲ್ಲಾ ನಿಂತಿದ್ದ ಗಾಡಿಯಲ್ಲಿ ನೋಡಿ. 12.6 ಇದ್ದರೆ ಫುಲ್. 12.2 ಅಂದರೆ ಸುಮಾರು ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಮ್ಮಿ ಪೂರ್ತಿ ಖಾಲಿ. ಖಾಲಿ ಅಂದಿದ್ದೀನಿ, ಕೆಟ್ಟಿದೆ ಅಂದಿಲ್ಲ. ಕೆಟ್ಟಿದೆಯಾ ಅನ್ನೋದು ಗೊತ್ತಾಗೋದು ಅದನ್ನ ಫುಲ್ ಚಾರ್ಜ್ ಮಾಡಿದ ಮೇಲೆ: ಯಾರಾದ್ರೂ ಕೀ ತಿರುಗಿಸಲಿ, ನೀವು ಮೀಟರ್ ನೋಡಿ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಇಳಿಯೋದು ಸಹಜ. ಹತ್ತರ ಆಸುಪಾಸು ನಿಂತರೆ ಪರವಾಗಿಲ್ಲ. ಒಂಬತ್ತೂವರೆಗಿಂತ ಕೆಳಗೆ ಧುಮುಕಿದರೆ ಬ್ಯಾಟರಿ ಮೇಲೆ ಅನುಮಾನ ಪಡಿ.

ಇನ್ನು ಆ ಹುಡುಗ ಮಾಡದೇ ಬಿಟ್ಟ ಪರೀಕ್ಷೆ. ಎಂಜಿನ್ ಓಡಲಿ, ಸ್ವಲ್ಪ ರೇಸ್ ಕೊಡಿ. 13.8ರಿಂದ 14.5ರ ಒಳಗೆ ಬಂದರೆ ಡೈನಮೋ ಕೆಲಸ ಮಾಡ್ತಿದೆ. ಹೆಡ್‌ಲೈಟು, ಎ.ಸಿ. ಹಾಕಿದರೂ 13ರ ಮೇಲೇ ನಿಲ್ಲಬೇಕು. ಹನ್ನೆರಡರಲ್ಲೇ ಇದ್ದರೆ ಬೆಲ್ಟ್, ವೈರು, ಬ್ರಷ್ ಯಾವುದೋ ಒಂದು ಕೈಕೊಟ್ಟಿದೆ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಅದು ಬ್ಯಾಟರಿಯನ್ನ ಬೇಯಿಸಿಬಿಡುತ್ತೆ. ಒಂದು ಮಾತು: ಈಚಿನ ಕೆಲವು ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜಿಂಗನ್ನ ಹೆಚ್ಚುಕಮ್ಮಿ ಮಾಡುತ್ತೆ. ಅಲ್ಲಿ ಒಂದು ಸಲ 12.8 ಕಂಡ ತಕ್ಷಣ ಗಾಬರಿ ಬೇಡ, ಲೈಟ್ ಹಾಕಿ ಮತ್ತೆ ನೋಡಿ. ಹೈಬ್ರಿಡ್, ಇ.ವಿ. ಇದ್ದರೆ ಆರೆಂಜ್ ಕೇಬಲ್ಲುಗಳ ಹತ್ತಿರ ಕೈಯೇ ಹಾಕಬೇಡಿ.

ಓಡ್ತಿರೋ ಗಾಡಿಯ ಬ್ಯಾಟರಿ ವೈರ್ ಕಿತ್ತು "ಡೈನಮೋ ಸರಿ ಇದೆ ನೋಡಿ" ಅಂತ ತೋರಿಸೋ ಹಳೇ ಮೆಕ್ಯಾನಿಕ್ಕುಗಳು ಇನ್ನೂ ಇದ್ದಾರೆ. ಬಿಡಬೇಡಿ. ಆ ಕ್ಷಣ ವೋಲ್ಟೇಜ್ ಜಿಗಿದರೆ ಗಾಡಿಯ ಕಂಪ್ಯೂಟರ್ ಸುಟ್ಟುಹೋಗಬಹುದು.

ಮೂರೂ ಸರಿ ಇದ್ದು, ಆದರೂ ವಾರಕ್ಕೊಮ್ಮೆ ಗಾಡಿ ಸಾಯುತ್ತಾ? ನನ್ನ ಸಹೋದ್ಯೋಗಿಗೆ ಆಗಿದ್ದು ಹಾಗೇ. ವರ್ಕ್ ಫ್ರಮ್ ಹೋಮ್, ಗಾಡಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ, ಶನಿವಾರ ಮಾತ್ರ ಹೊರಗೆ. ಕಳ್ಳ ಯಾರಪ್ಪಾ ಅಂದರೆ ನಿಂತಾಗಲೂ ಎದ್ದಿರೋ ಡ್ಯಾಶ್‌ಕ್ಯಾಮ್. ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟ ಮೇಲೆ ಗಾಡಿ ಎಳೆಯೋ ಕರೆಂಟ್ ಸಾಮಾನ್ಯವಾಗಿ 50 ಮಿಲಿಆಂಪ್ ಒಳಗಿರಬೇಕು. ಅವಳ ಗಾಡಿ 200 ಎಳೀತಿತ್ತು. ದಿನಕ್ಕೆ ಸುಮಾರು 5 ಆಂಪ್-ಅವರ್ ಆಯ್ತು, ಸಣ್ಣ ಕಾರಿನ 35ರ ಬ್ಯಾಟರಿ ಒಂದೇ ವಾರಕ್ಕೆ ಖಾಲಿ. ಎರಡು ಬ್ಯಾಟರಿ ಬದಲಾಯಿಸಿದ್ದಳು. ಈ ಪರೀಕ್ಷೆ ಮಾತ್ರ ಎಲೆಕ್ಟ್ರಿಷಿಯನ್ನಿಗೇ ಬಿಡಿ, ತಪ್ಪಿದರೆ ಮೀಟರಿನ ಫ್ಯೂಸ್ ಹೋಗುತ್ತೆ.

ಟರ್ಮಿನಲ್ ಮೇಲೆ ಬಿಳಿ ಹಸಿರು ಬೂಷ್ಟು ಇದ್ದರೂ, ಕ್ಲ್ಯಾಂಪ್ ಸಡಿಲ ಇದ್ದರೂ ಲಕ್ಷಣ ಎಲ್ಲಾ ಬ್ಯಾಟರಿ ಸತ್ತ ಹಾಗೇ. ಮೊದಲು ಅದನ್ನ ಕೈಯಲ್ಲಿ ಅಲ್ಲಾಡಿಸಿ ನೋಡಿ, ಖರ್ಚಿಲ್ಲ.

ಅವತ್ತು ರಾತ್ರಿ ಎಲೆಕ್ಟ್ರಿಷಿಯನ್ ತನ್ನ ಬ್ಯಾಟರಿಯಿಂದ ಹೆಡ್‌ಲೈಟ್ ಹತ್ತಿಸಿದಾಗ ಅಪ್ಪ ಸೀಟಿನಿಂದ ಮುಂದಕ್ಕೆ ಬಾಗಿ ದೂರದ ಮೈಲಿಗಲ್ಲು ಓದಿದರು. ತಿಪಟೂರಿಗೆ ಎಷ್ಟು ಕಿಲೋಮೀಟರ್ ಅಂತ. ಓದಿ, ಇನ್ನೊಂದು ಸಲ ಜೋರಾಗಿ ಓದಿದರು.