ಅಕ್ಕಿ ಕೊಡುವವರು ಸಂಬಳಕ್ಕೂ ಕೊಡಲಿ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ನೆಲೆ ಕಂಡಿರುವ ಸಮರ್ಥನಂ ಸಂಸ್ಥೆ ಹುಟ್ಟಿದ್ದು 1997ರಲ್ಲಿ. ಸ್ವತಃ ದೃಷ್ಟಿಹೀನರಾದ ಮಹಾಂತೇಶ ಕಿವಡಸಣ್ಣವರ ಅದರ ಸ್ಥಾಪಕರಲ್ಲೊಬ್ಬರು. ಅಂಗವಿಕಲರ ಶಿಕ್ಷಣ, ಉದ್ಯೋಗ ತರಬೇತಿಯಿಂದ ಅಂಧರ ಕ್ರಿಕೆಟ್‌ವರೆಗೆ ಅದರ ಕೆಲಸ ಹಬ್ಬಿದೆ.

ಇಂಥ ಸೇವೆಗೆ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ನುರಿತ ಜನ.

ಆದರೆ ಹುಟ್ಟುಹಬ್ಬಕ್ಕೆ ಊಟ, ಅಕ್ಕಿಮೂಟೆ ಕೊಡುವ ದಾನಿಗಳು ಶಿಕ್ಷಕರ ಸಂಬಳ ಎಂದರೆ ಹಿಂಜರಿಯುತ್ತಾರೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಗಳು ವಿದೇಶಿ ದೇಣಿಗೆಯನ್ನು ಸಣ್ಣ ಸಂಸ್ಥೆಗಳಿಗೆ ಹಂಚುವುದನ್ನೂ ತಡೆಯಿತು. ಏಟು ಬಿದ್ದದ್ದು ಸಣ್ಣವರಿಗೆ.

ದೇಣಿಗೆಯ ಲೆಕ್ಕ ಕೇಳುವುದು ನ್ಯಾಯವೇ. ಆದರೆ ಲೆಕ್ಕ ಬರೆಯುವವರಿಗೂ ಸಂಬಳ ಬೇಕು. 2013ರ ಕಂಪನಿ ಕಾಯ್ದೆಯಡಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಮೀಸಲಿಡುವ ಬೆಂಗಳೂರಿನ ಕಂಪನಿಗಳು ಸೇವಾ ಸಂಸ್ಥೆಗಳೊಂದಿಗೆ ಮೂರು ವರ್ಷಗಳ ಒಪ್ಪಂದ ಮಾಡಿಕೊಂಡು, ಸಿಬ್ಬಂದಿ ವೆಚ್ಚವನ್ನೂ ಅದರಲ್ಲಿ ಸೇರಿಸಬೇಕು.