ಬದುಕಿಸಿದ ಮೇಲೆ ಬದುಕಲು ಬಿಡಬೇಡವೇ?

ಬಾಯಿಯ ಕ್ಯಾನ್ಸರ್‌ಗೆ ತುತ್ತಾದವರಿಗೆ ಅವರದೇ ಕಾಲಿನ ಎಲುಬಿನಿಂದ ದವಡೆಯನ್ನು ಮರಳಿ ಕಟ್ಟಿಕೊಡುವ ವಿಧಾನವನ್ನು ಅಮೆರಿಕದ ಶಸ್ತ್ರವೈದ್ಯ ಡೇವಿಡ್ ಹಿಡಾಲ್ಗೊ 1989ರಲ್ಲಿ ಪ್ರಕಟಿಸಿದರು. ಮುಂಗೈಯ ಚರ್ಮದಿಂದ ನಾಲಗೆಯನ್ನೂ ಎದೆಯ ಸ್ನಾಯುವಿನಿಂದ ಕೆನ್ನೆಯನ್ನೂ ಮರುರೂಪಿಸುವ ಶಸ್ತ್ರಚಿಕಿತ್ಸೆಗಳು ಇಂದು ನಮ್ಮ ನಗರಗಳಲ್ಲೂ ನಡೆಯುತ್ತಿವೆ. ಈ ಸಾಧನೆ ಪ್ರಶಂಸಾರ್ಹವೇ. ಆದರೆ ಜೀವ ಉಳಿಯಿತು ಎಂಬಲ್ಲಿಗೆ ನಮ್ಮ ಹೊಣೆಗಾರಿಕೆ ಮುಗಿಯುತ್ತದೆಯೇ?

ಇಷ್ಟಕ್ಕೂ ಜೋಡಿಸಿದ ಮಾಂಸಖಂಡವು ಖಾಲಿ ಜಾಗವನ್ನು ತುಂಬಬಲ್ಲುದೇ ಹೊರತು ನಾಲಗೆಯ ಚುರುಕನ್ನು ಮರಳಿಸಲಾರದು. ವಿಕಿರಣ ಚಿಕಿತ್ಸೆಯಿಂದ ಜೊಲ್ಲು ಬತ್ತುತ್ತದೆ. ಕೆಲವರ ಬಾಯಿ ಸರಿಯಾಗಿ ತೆರೆಯುವುದೇ ಇಲ್ಲ. ಆದ್ದರಿಂದಲೇ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯರು 1993ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ನೋವು, ರೂಪ, ಅಗಿಯುವಿಕೆ, ನುಂಗುವಿಕೆ, ಮಾತು ಇವೆಲ್ಲವನ್ನೂ ರೋಗಿಯ ಬಾಯಿಯಿಂದಲೇ ಕೇಳುತ್ತದೆ. ಮನಸ್ಥಿತಿ ಮತ್ತು ಆತಂಕದ ಪ್ರಶ್ನೆಗಳು ಬಳಿಕ ಸೇರಿಕೊಂಡವು. ನಾವು ಕೇಳುವುದೇನು? ‘ಕಾಯಿಲೆ ಮರುಕಳಿಸಿಲ್ಲ ತಾನೇ?’ ಎಂದಷ್ಟೇ.

ಮನೆಗೆ ಅತಿಥಿಗಳು ಬಂದಾಗ ಅವರನ್ನು ಒಳಕೋಣೆಗೆ ಕಳುಹಿಸುವವರು ನಾವು. ಅವರ ತಟ್ಟೆ, ಲೋಟವನ್ನು ಪ್ರತ್ಯೇಕಿಸುವವರು ನಾವು. ಕ್ಯಾನ್ಸರ್ ಜೊತೆಗೆ ಉಂಡರೆ ಹರಡುವ ರೋಗವಲ್ಲ ಎಂಬುದು ನಮಗೆ ತಿಳಿಯದೇ? ಅವರು ತಡವರಿಸುವ ಮೊದಲೇ ಅವರ ಪರವಾಗಿ ಉತ್ತರಿಸಿ, ಉಳಿದಿರುವ ಮಾತನ್ನೂ ನಾವು ಕಸಿದುಕೊಳ್ಳುತ್ತೇವೆ.

‘ಗುಟ್ಕಾ ತಿಂದವನು ಅನುಭವಿಸಲಿ’ ಎನ್ನುವವರಿದ್ದಾರೆ. ಕರ್ನಾಟಕ ಗುಟ್ಕಾವನ್ನು ನಿಷೇಧಿಸಿದ್ದು 2013ರಲ್ಲಿ. ಅದಕ್ಕೆ ಮುನ್ನ ಅದನ್ನು ಬಹಿರಂಗವಾಗಿ ಮಾರಿದವರು ಯಾರು, ತೆರಿಗೆ ಪಡೆದವರು ಯಾರು? ತಂಬಾಕನ್ನು ಮುಟ್ಟದವರಿಗೂ ಈ ರೋಗ ಬರುತ್ತದೆ. ಅವರಿಗೇನು ಹೇಳೋಣ?

ಸರಕಾರದ ಕಣ್ಣೂ ಅರ್ಧ ಮುಚ್ಚಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಸಿಡ್ ದಾಳಿಗೊಳಗಾದವರನ್ನು ಗುರುತಿಸಿತು. ಧ್ವನಿಪೆಟ್ಟಿಗೆ ಕಳೆದುಕೊಂಡವರನ್ನೂ ಸೇರಿಸಿತು. ಸರಿಯಾದ ಕ್ರಮವೇ. ಆದರೆ ದವಡೆ, ಕೆನ್ನೆ ಕಳೆದುಕೊಂಡವರ ಹೆಸರನ್ನು ಅದು ಹೇಳಲಿಲ್ಲ. ವಿರೂಪಗೊಂಡ ಮುಖದ ಸಂಕಟ ಕಾರಣಕ್ಕೆ ತಕ್ಕಂತೆ ಬದಲಾಗುತ್ತದೆಯೇ? ಅವರನ್ನೂ ಕಾಯ್ದೆಯಲ್ಲಿ ಹೆಸರಿಸಬೇಕು. ಮಾತು ಮತ್ತು ನುಂಗುವಿಕೆಯ ತರಬೇತಿ ಜಿಲ್ಲಾಸ್ಪತ್ರೆಗಳಲ್ಲೇ ಸಿಗಬೇಕು.

ಹಾಗಂತ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ಪಾರಾಗುವಂತಿಲ್ಲ. ಅನ್ನವನ್ನು ಮೆದುವಾಗಿ ಬೇಯಿಸಲು, ಮಾತು ಮುಗಿಯುವವರೆಗೆ ಕಾಯಲು ಯಾವ ಕಾಯ್ದೆಯೂ ಬೇಕಿಲ್ಲ. ವೈದ್ಯರು ದವಡೆಯನ್ನು ಜೋಡಿಸಿದ್ದಾರೆ. ಊಟದ ಪಂಕ್ತಿಯಲ್ಲಿ ಅವರ ಜಾಗವನ್ನು ಮರಳಿ ಕೊಡಬೇಕಾದವರು ನಾವೇ.